ಕುಂಡದ ಡೇರೆ ಮತ್ತು ಗೆಡ್ಡೆಯ ಜೋಪಾನ

ಕಳೆದ ರೋಹಿಣಿ ಮಳೆಯ ಸಮಯದಲ್ಲಿ ಸಂಘದ ಗೊಬ್ಬರದ ಕೌಂಟರಿಗೆ ಬಂದಿದ್ದ ಸದಸ್ಯರೊಬ್ಬರು ಮೈಲುತುತ್ತದ ಚೀಟಿ ಬರೆಸಿಕೊಂಡ ಮೇಲೂ ಹೊರಡದೆ ನಿಂತಿದ್ದರು. ಏನೆಂದು ವಿಚಾರಿಸಲಾಗಿ ತುಸು ಸಂಕೋಚದಿಂದ, "ಡೇರೆ ಗೆಡ್ಡೆ ಎಲ್ಲಾದರೂ ಸಿಗುತ್ತದೆಯೇ? ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದಿದ್ದಾರೆ. ನಮ್ಮಲ್ಲಿದ್ದದ್ದೆಲ್ಲ ಈ ಸಲ ಒಣಗಿ ಹೋಯಿತು" ಎಂದರು. ಅದೇ ವಾರದಲ್ಲಿ ಇನ್ನೂ ನಾಲ್ಕು ಮಂದಿ ಇದೇ ಪ್ರಶ್ನೆ ಕೇಳಿದರು. ಒಬ್ಬರ ಗೆಡ್ಡೆ ಒಣಗಿತ್ತು, ಇನ್ನೊಬ್ಬರದು ಕೊಳೆತಿತ್ತು, ಮತ್ತೊಬ್ಬರದನ್ನು ಹೆಗ್ಗಣ ತಿಂದಿತ್ತು. ಹೂವಿನ ಕಾಲದಲ್ಲಿ ಅಂಗಳ ತುಂಬ ಡೇರೆ ಇದ್ದ ಮನೆಗಳೇ ಇವೆಲ್ಲ.

ಕೊಳೆರೋಗ, ಎಲೆಚುಕ್ಕಿ, ಬಿಳಿ ಕಾಂಡಕೊರಕಗಳ ನಡುವೆ ಈ ಪತ್ರಿಕೆಯಲ್ಲಿ ಹೂವಿನ ಗಿಡಕ್ಕೆ ಪುಟ ಮೀಸಲಿಡಬೇಕೇ ಎಂದು ಕೆಲವು ಹಿರಿಯ ಸದಸ್ಯರು ಹುಬ್ಬೇರಿಸಬಹುದು. ಆದರೆ ನಮ್ಮ ಮನೆಗಳಲ್ಲಿ ತೋಟದ ಲೆಕ್ಕ ಗಂಡಸರದಾದರೆ ಅಂಗಳದ ಲೆಕ್ಕ ಹೆಂಗಸರದು. ಆ ಲೆಕ್ಕದಲ್ಲಿ ವರ್ಷವರ್ಷವೂ ಬೀಳುತ್ತಿರುವ ನಷ್ಟಕ್ಕೆ ಕಾರಣ ಹುಡುಕುವುದೂ ಸಂಘದ ಕೆಲಸವೇ ಎಂದು ನನ್ನ ಭಾವನೆ. ಅಲ್ಲದೆ ಈ ವಿಷಯದಲ್ಲಿ ನಾನೂ ಒಂದು ದೊಡ್ಡ ತಪ್ಪು ಮಾಡಿದವನು. ಅದನ್ನೂ ಇಲ್ಲಿ ಮುಚ್ಚಿಡದೆ ಬರೆದಿದ್ದೇನೆ.

ಇದು ಎಲ್ಲಿಯ ಗಿಡ?

ನಾವು ಡೇರೆ ಎನ್ನುವ ಡೇಲಿಯಾ ಮೆಕ್ಸಿಕೋ ದೇಶದ ಎತ್ತರದ ಗುಡ್ಡಗಾಡಿನದು. ಅಲ್ಲಿಂದ 1789ರಲ್ಲಿ ಇದರ ಬೀಜ ಸ್ಪೇನಿನ ಮ್ಯಾಡ್ರಿಡ್ ನಗರದ ಸಸ್ಯೋದ್ಯಾನಕ್ಕೆ ಹೋಯಿತು. ಅಲ್ಲಿಯ ಸಸ್ಯಶಾಸ್ತ್ರಜ್ಞ ಕ್ಯಾವನಿಯೆಸ್ 1791ರಲ್ಲಿ ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬ ಸಸ್ಯಶಾಸ್ತ್ರಜ್ಞರ ನೆನಪಿಗೆ ಇದನ್ನು ಡೇಲಿಯಾ ಎಂದು ಕರೆದರು. 1963ರಲ್ಲಿ ಮೆಕ್ಸಿಕೋ ಇದನ್ನು ತನ್ನ ರಾಷ್ಟ್ರೀಯ ಹೂವೆಂದು ಘೋಷಿಸಿತು.

ಈ ಚರಿತ್ರೆಯಲ್ಲಿ ನಮಗೆ ಉಪಯೋಗಕ್ಕೆ ಬರುವ ಮಾತು ಒಂದೇ. ಮೆಕ್ಸಿಕೋದ ಆ ಗುಡ್ಡಗಳಲ್ಲಿ ಮಳೆ ಬೀಳುವುದು ಜೂನಿನಿಂದ ಅಕ್ಟೋಬರಿನವರೆಗೆ. ಚಳಿಗಾಲವೆಲ್ಲ ಒಣ ಹವೆ. ಗಿಡ ಮಳೆಯಲ್ಲಿ ಬೆಳೆದು, ಹೂಬಿಟ್ಟು, ಮಳೆ ನಿಂತ ಮೇಲೆ ಮೇಲ್ಭಾಗವನ್ನು ಒಣಗಿಸಿಕೊಂಡು ಗೆಡ್ಡೆಯಾಗಿ ನೆಲದೊಳಗೆ ಮಲಗುತ್ತದೆ. ನಮ್ಮ ಮಲೆನಾಡಿನ ಋತುಚಕ್ರವೂ ಹೆಚ್ಚುಕಡಿಮೆ ಇದೇ ಅಲ್ಲವೇ? ಇಷ್ಟು ದೂರದ ಗಿಡ ನಮ್ಮ ಅಂಗಳಕ್ಕೆ ಹೀಗೆ ಒಗ್ಗಿದ್ದರ ಗುಟ್ಟು ಇದು.

ಇಂಗ್ಲೆಂಡಿನಂತಹ ಶೀತದೇಶಗಳವರಿಗೆ ಚಳಿಗಾಲದ ಶತ್ರುವೆಂದರೆ ಹಿಮ. ನೀರು ತುಂಬಿದ ಗೆಡ್ಡೆ ಹೆಪ್ಪುಗಟ್ಟಿದರೆ ಕರಗಿ ಲೋಳೆಯಾಗುತ್ತದೆ. ಆದ್ದರಿಂದ ಅವರು ಮೊದಲ ಹಿಮಕ್ಕೆ ಎಲೆ ಕಪ್ಪಾದೊಡನೆ ಗೆಡ್ಡೆ ಅಗೆದು ಹಿಮ ತಾಗದ ಕೊಠಡಿಯಲ್ಲಿ ಇಡುತ್ತಾರೆ. ನಮ್ಮಲ್ಲಿ ಹಿಮದ ಭಯವಿಲ್ಲ. ನಮ್ಮ ಶತ್ರುಗಳು ಬೇರೆ: ಡಿಸೆಂಬರಿನ ಇಬ್ಬನಿ, ಮಾರ್ಚಿನ ಬಿಸಿಲು, ನಡುವೆ ಬೀಳುವ ಹೂಮಳೆ. ಅವರ ಪುಸ್ತಕ ಓದಿ ನಾವು ಗೆಡ್ಡೆ ಕಾಯಹೊರಟರೆ ಇಲ್ಲದ ಶತ್ರುವಿಗೆ ಬಾಗಿಲು ಹಾಕಿ, ಇದ್ದ ಶತ್ರುವಿಗೆ ತೆರೆದಿಟ್ಟಂತಾಗುತ್ತದೆ.

ನೆಲಕ್ಕಿಂತ ಕುಂಡವೇಕೆ?

ನಮ್ಮ ಹಿರಿಯರು ಅಂಗಳದ ಅಂಚಿನಲ್ಲಿ ಏರಿ ಮಾಡಿ ಡೇರೆ ನೆಡುತ್ತಿದ್ದರು. ಈಗಲೂ ಇಳಿಜಾರಿನ ಅಂಗಳವಿದ್ದವರು ಹಾಗೆ ಮಾಡಬಹುದು. ಆದರೆ 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಸುರಿದ ಮಳೆಯನ್ನು ನಾವು ಯಾರೂ ಮರೆತಿಲ್ಲ. 2019ರಲ್ಲಿ ನಮ್ಮ ಅಂಗಳದ ನೆಲದಲ್ಲಿದ್ದ ಗಿಡಗಳೆಲ್ಲ ಒಂದೇ ವಾರದಲ್ಲಿ ಬುಡ ಕೊಳೆತು ಮಲಗಿದವು. ಕುಂಡದಲ್ಲಿದ್ದ ಹನ್ನೊಂದನ್ನು ಜಗಲಿಯ ಮಾಡಿನಡಿಗೆ ಎತ್ತಿಟ್ಟಿದ್ದರಿಂದ ಅವಷ್ಟೂ ಉಳಿದವು. ಎತ್ತಿಡಬಹುದು ಎಂಬುದೇ ಕುಂಡದ ಮೊದಲ ಗುಣ. ಮಳೆಗಾಲ ಕಳೆದ ಮೇಲೆ ಗೆಡ್ಡೆಯನ್ನು ಅಗೆಯದೆ ಕುಂಡದೊಳಗೇ ಮಲಗಿಸಬಹುದೆಂಬುದು ಎರಡನೆಯ ಗುಣ.

ಕುಂಡವೆಂದರೆ ಪೇಟೆಯಿಂದ ದುಡ್ಡು ಕೊಟ್ಟು ತಂದದ್ದೇ ಆಗಬೇಕಿಲ್ಲ. ಖಾಲಿ ಗೊಬ್ಬರದ ಚೀಲವನ್ನು ಚೆನ್ನಾಗಿ ತೊಳೆದು ಬಾಯಿ ಮಡಚಿ ಬಳಸಬಹುದು. ತಳ ತೂತಾದ ಬಕೆಟ್ಟು, ಹಳೆಯ ತಗಡಿನ ಡಬ್ಬ, ಏನಾದರೂ ನಡೆಯುತ್ತದೆ. ದೊಡ್ಡ ಹೂವಿನ ಜಾತಿಗೆ ಬಾಯಗಲ 12 ಅಂಗುಲ, ಆಳ 12 ಅಂಗುಲ ಬೇಕು. ಗುಂಡಿಯಂಥ ಸಣ್ಣ ಹೂವಿನ ಜಾತಿಗಳಿಗೆ 8 ರಿಂದ 10 ಅಂಗುಲ ಸಾಕು. ತಳದಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ಮೂರು ನಾಲ್ಕು ತೂತುಗಳಿರಲಿ. ಕುಂಡವನ್ನು ನೆಲಕ್ಕೆ ತಾಗಿಸಿ ಇಡದೆ ಎರಡು ಇಟ್ಟಿಗೆಗಳ ಮೇಲೆ ಇಡಬೇಕು. ನೆಲಕ್ಕಂಟಿದ ಕುಂಡದ ತೂತು ನಮ್ಮ ಮಳೆಗೆ ಮೂರೇ ದಿನದಲ್ಲಿ ಕೆಸರು ಮೆತ್ತಿ ಮುಚ್ಚಿಹೋಗುತ್ತದೆ.

ಮಣ್ಣು ಮತ್ತು ನಾಟಿ

ಮಣ್ಣಿನ ಮಿಶ್ರಣಕ್ಕೆ ಹೊಸ ಪಾಠ ಬೇಡ. ಕಾಫಿ ನರ್ಸರಿಯ ಚೀಲ ತುಂಬಲು ನಾವು ಬಳಸುವ ಲೆಕ್ಕವೇ ಸಾಕು: ಕಾಡುಮಣ್ಣು 6 ಪಾಲು, ಜರಡಿ ಹಿಡಿದ ಹಳೆಯ ಕೊಟ್ಟಿಗೆ ಗೊಬ್ಬರ 2 ಪಾಲು, ಮರಳು 1 ಪಾಲು. ಡೇರೆಗೆ ನೀರು ಬಸಿಯುವುದು ಇನ್ನೂ ಮುಖ್ಯವಾದ್ದರಿಂದ ನಾನು ಮರಳನ್ನು 2 ಪಾಲು ಮಾಡಿಕೊಳ್ಳುತ್ತೇನೆ. ನಮ್ಮ ಮಣ್ಣು ಹುಳಿ. ಆದ್ದರಿಂದ ಒಂದು ಕುಂಡದ ಮಣ್ಣಿಗೆ ಒಂದು ಸಣ್ಣ ಹಿಡಿ ಕೃಷಿ ಸುಣ್ಣವನ್ನು ನಾಟಿಗೆ ಹದಿನೈದು ದಿನ ಮೊದಲೇ ಬೆರೆಸಿಡುವುದು ಒಳ್ಳೆಯದು. ಹಸಿ ಸಗಣಿ ಮಾತ್ರ ಸರ್ವಥಾ ಕೂಡದು.

ರೋಹಿಣಿ ಮಳೆ ಹಿಡಿದ ಮೇಲೆ ನೆಟ್ಟರೆ ಗೌರಿಹಬ್ಬದ ಆಸುಪಾಸಿಗೆ ಮೊದಲ ಹೂವು, ನವರಾತ್ರಿಗೆ ತುಂಬು ಹೂವು. ನೆಡುವಾಗ ಗೆಡ್ಡೆಯನ್ನು ಅಡ್ಡ ಮಲಗಿಸಿ, ಕಣ್ಣು ಮೇಲಿರುವಂತೆ ಇಟ್ಟು, ಆಗಲೇ ಆಧಾರದ ಕೋಲನ್ನೂ ಊರಬೇಕು. ಆಮೇಲೆ ಊರಲು ಹೋದರೆ ಕೋಲಿನ ಮೊನೆ ಗೆಡ್ಡೆಗೇ ಚುಚ್ಚುತ್ತದೆ. ಮೊದಲು ಕುಂಡದ ಮುಕ್ಕಾಲು ಭಾಗ ಮಾತ್ರ ಮಣ್ಣು ತುಂಬಿ, ಚಿಗುರು ಬೆಳೆದಂತೆ ಉಳಿದದ್ದನ್ನು ಏರಿಸಿಕೊಂಡು ಹೋಗಬೇಕು. ಚಿಗುರು ಮಣ್ಣಿನ ಮೇಲೆ ಕಾಣುವವರೆಗೆ ನೀರು ಅತಿ ಕಡಿಮೆ. ಬೇರು ಬಿಡದ ಗೆಡ್ಡೆಗೆ ನೀರು ಕುಡಿಯಲು ಬಾಯಿಲ್ಲ, ಕೊಳೆಯಲು ಮಾತ್ರ ಗೊತ್ತು.

ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಕವಲೊಡೆಯುತ್ತದೆ. ದೊಡ್ಡ ಹೂ ಬೇಕಾದವರು ಪ್ರತಿ ತುದಿಯ ಮೂರು ಮೊಗ್ಗುಗಳಲ್ಲಿ ನಡುವಿನದನ್ನು ಉಳಿಸಿ ಉಳಿದೆರಡನ್ನು ತೆಗೆಯಬೇಕು. ಯೂರಿಯಾದ ಆಸೆ ಬೇಡ. ಸಾರಜನಕ ಹೆಚ್ಚಾದರೆ ಎಲೆ ದಪ್ಪವಾಗಿ, ಹೂ ಕಡಿಮೆಯಾಗಿ, ಗೆಡ್ಡೆ ನೀರುಗೆಡ್ಡೆಯಾಗುತ್ತದೆ. ಅಂಥ ಗೆಡ್ಡೆ ಚಳಿಗಾಲ ದಾಟುವುದಿಲ್ಲ. ಬಸವನಹುಳುಗಳನ್ನು ರಾತ್ರಿ ಟಾರ್ಚು ಹಿಡಿದು ಆರಿಸುವುದಕ್ಕಿಂತ ಉತ್ತಮ ಔಷಧಿಯನ್ನು ನಾನು ಕಂಡಿಲ್ಲ. ಮಳೆ ಹಿಂದೆ ಸರಿದ ಮೇಲೆ ಎಲೆಯ ಮೇಲೆ ಬೂದಿ ರೋಗ ಬಂದರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂ ಪ್ರಮಾಣದಲ್ಲಿ, ಬಿಸಿಲೇರುವ ಮೊದಲು ಸಿಂಪಡಿಸಬಹುದು.

ಗೆಡ್ಡೆ ಕಟ್ಟುವ ಕಾಲ

ಗೆಡ್ಡೆಯ ಜೋಪಾನ ಆರಂಭವಾಗುವುದು ಗಿಡ ಒಣಗಿದ ಮೇಲಲ್ಲ, ಅದು ಹಸಿರಾಗಿರುವಾಗಲೇ. ಈ ಗಿಡ ಹಗಲಿನ ಉದ್ದವನ್ನು ಗುರುತಿಸುತ್ತದೆ. ನಮ್ಮ ಭಾಗದಲ್ಲಿ ಜೂನಿನ ಹಗಲು ಸುಮಾರು 13 ಗಂಟೆ. ಸೆಪ್ಟೆಂಬರ್ ಕೊನೆಗೆ ಹಗಲು ರಾತ್ರಿ ಸಮವಾಗಿ, ಡಿಸೆಂಬರಿನಲ್ಲಿ ಹಗಲು ಹನ್ನೊಂದೂ ಕಾಲು ಗಂಟೆಯ ಆಸುಪಾಸಿಗೆ ಇಳಿಯುತ್ತದೆ. ಹಗಲು ಗಿಡ್ಡವಾದಂತೆ ಎಲೆಯಲ್ಲಿ ತಯಾರಾದ ಆಹಾರ ಬೇರಿನತ್ತ ಇಳಿದು ಗೆಡ್ಡೆ ತುಂಬುತ್ತದೆ. ಹಸ್ತ, ಚಿತ್ತಾ, ಸ್ವಾತಿ ಮಳೆಗಳ ಈ ಕಾಲವೇ ಗೆಡ್ಡೆಗೆ ಕಾಳು ಕಟ್ಟುವ ಕಾಲ.

ಆದ್ದರಿಂದ ಹೂವು ಮುಗಿಯಿತೆಂದು ದೀಪಾವಳಿಗೇ ಗಿಡ ಕಡಿದು ಅಂಗಳ ಚೊಕ್ಕಟ ಮಾಡುವುದು ತಪ್ಪು. ಬಾಡಿದ ಹೂಗಳನ್ನು ಕತ್ತರಿಸಿ, ಎಲೆಗಳನ್ನು ಹಾಗೆಯೇ ಬಿಡಬೇಕು. ಅಕ್ಟೋಬರಿನಲ್ಲಿ ಕುಂಡಕ್ಕೆ ಒಂದು ಟೀ ಚಮಚ ಪೊಟ್ಯಾಷ್ ಹಾಕಬಹುದು. ಬೇರೆ ಗೊಬ್ಬರ ಬೇಡ. ನವೆಂಬರ್ ಮಧ್ಯದಿಂದ ನೀರನ್ನು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ ಎಂದು ಇಳಿಸುತ್ತ ಬಂದು, ಎಲೆಗಳಲ್ಲಿ ಮೂರನೆಯ ಎರಡು ಪಾಲು ಹಳದಿಯಾದಾಗ ಪೂರ್ತಿ ನಿಲ್ಲಿಸಬೇಕು. ಕಾಂಡ ಒಣಗಿದ ಮೇಲೆ ಬುಡದಿಂದ ಅರ್ಧ ಅಡಿ ಬಿಟ್ಟು ಕತ್ತರಿಸಬೇಕು.

ಇಲ್ಲೊಂದು ಎಚ್ಚರಿಕೆ ಬೇಕು. ಡೇರೆಯ ಕಾಂಡ ಕೊಳವೆಯಂತೆ ಟೊಳ್ಳು. ಕತ್ತರಿಸಿದ ಕುಂಡವನ್ನು ಬಯಲಿನಲ್ಲಿ ಬಿಟ್ಟರೆ ಡಿಸೆಂಬರಿನ ಇಬ್ಬನಿ ರಾತ್ರಿರಾತ್ರಿ ಆ ಕೊಳವೆಗೆ ಇಳಿದು ನೇರ ಗೆಡ್ಡೆಯ ತಲೆಯಲ್ಲಿ ನಿಲ್ಲುತ್ತದೆ. "ನೀರೇ ಹಾಕಿಲ್ಲ, ಆದರೂ ಕೊಳೆಯಿತು" ಎನ್ನುವವರ ಗೆಡ್ಡೆ ಅನೇಕ ವೇಳೆ ಕೊಳೆಯುವುದು ಹೀಗೆ. ಕತ್ತರಿಸಿದ ದಿನವೇ ಕುಂಡವನ್ನು ಮಾಡಿನಡಿಗೆ ಸೇರಿಸಬೇಕು.

ಗೆಡ್ಡೆಯ ತಲೆ ಎಲ್ಲಿದೆ?

ಆಲೂಗಡ್ಡೆಯ ಮೈತುಂಬ ಕಣ್ಣುಗಳಿರುತ್ತವೆ, ಯಾವ ಚೂರು ನೆಟ್ಟರೂ ಹುಟ್ಟುತ್ತದೆ. ಡೇರೆ ಹಾಗಲ್ಲ. ಡೇರೆಯ ಗೆಡ್ಡೆ ನಿಜವಾಗಿ ಉಬ್ಬಿದ ಬೇರು. ಕಣ್ಣುಗಳಿರುವುದು ಹಳೆಯ ಕಾಂಡದ ಬುಡದಲ್ಲಿ, ಗೆಡ್ಡೆಗಳೆಲ್ಲ ಕೂಡುವ ಜಾಗದಲ್ಲಿ ಮಾತ್ರ. ಅದನ್ನು ತಲೆ ಎನ್ನೋಣ. ತಲೆಗೂ ಗೆಡ್ಡೆಗೂ ನಡುವೆ ಪೆನ್ಸಿಲಿನಷ್ಟು ಸಪೂರದ ಕತ್ತು ಇರುತ್ತದೆ. ಗೊಂಚಲನ್ನು ಕಾಂಡ ಹಿಡಿದು ಎಳೆದರೆ, ಎತ್ತಿ ಒಗೆದರೆ ಕತ್ತು ಮುರಿಯುತ್ತದೆ. ಕತ್ತು ಮುರಿದ, ತಲೆಯ ಚೂರಿಲ್ಲದ ಗೆಡ್ಡೆ ಎಷ್ಟೇ ದಪ್ಪವಿರಲಿ, ಬೇರು ಬಿಟ್ಟರೂ ಚಿಗುರು ಬಿಡುವುದಿಲ್ಲ. ಸಂತೆಯಲ್ಲಿ ಬಿಡಿ ಗೆಡ್ಡೆ ಕೊಳ್ಳುವವರು ದಪ್ಪ ನೋಡದೆ ತಲೆ ನೋಡಿ ಕೊಳ್ಳಬೇಕು.

ಮಲಗಿಸುವ ಮೂರು ಬಗೆ

ಮೊದಲನೆಯದು, ಕುಂಡದಲ್ಲೇ ಬಿಡುವುದು. ಸಾಮಾನ್ಯ ಬೆಳೆಗಾರನಿಗೆ ಇದೇ ಸುಲಭ, ಇದೇ ಕ್ಷೇಮ. ಕಾಂಡ ಕತ್ತರಿಸಿದ ಕುಂಡವನ್ನು ಅಡ್ಡ ಮಲಗಿಸಿ, ಕೊಟ್ಟಿಗೆಯ ಮಾಡಿನಡಿಯಲ್ಲೋ ಮನೆಯ ಉತ್ತರದ ಗೋಡೆಯ ನೆರಳಿನಲ್ಲೋ ಸಾಲಾಗಿ ಜೋಡಿಸಬೇಕು. ಅಡ್ಡ ಮಲಗಿಸುವುದೇಕೆಂದರೆ, ಯಾರೋ ಮರೆತು ನೀರು ಹಾಕುವುದಿಲ್ಲ, ಸೋರಿದ ಹನಿಯೂ ಒಳಗೆ ನಿಲ್ಲುವುದಿಲ್ಲ. ಫೆಬ್ರವರಿ, ಮಾರ್ಚಿನ ಹೂಮಳೆ ಕಾಫಿಗೆ ಅಮೃತ, ಮಲಗಿದ ಡೇರೆಗೆ ವಿಷ. ಒಂದು ಮಳೆಗೆ ಅರೆನಿದ್ದೆಯಲ್ಲಿ ಎದ್ದ ಗೆಡ್ಡೆ ಮುಂದಿನ ಬಿಸಿಲಿಗೆ ಸುಟ್ಟುಹೋಗುತ್ತದೆ. ತಿಂಗಳಿಗೊಮ್ಮೆ ಕುಂಡವನ್ನು ಎತ್ತಿ ತೂಕ ನೋಡಬೇಕು. ಮಾರ್ಚ್ ಕಳೆದ ಮೇಲೆ ಮಣ್ಣು ಕುಂಡದ ಗೋಡೆ ಬಿಟ್ಟು ಬಿರುಕುಗಟ್ಟಿದ್ದರೆ ಅಂಚಿನ ಸುತ್ತ ಅರ್ಧ ಲೋಟ ನೀರು ಚಿಮುಕಿಸಿದರೆ ಸಾಕು. ಎರಡನೆಯ ಲೋಟದ ಕರುಣೆ ಬೇಡ.

ಎರಡನೆಯದು, ಅಗೆದು ಮರಳಿನಲ್ಲಿ ಇಡುವುದು. ಕುಂಡಗಳು ಬೇರೆ ಗಿಡಕ್ಕೆ ಬೇಕಾದವರಿಗೆ, ನೆಲದಲ್ಲಿ ಬೆಳೆದವರಿಗೆ ಇದು ಸರಿ. ಗೊಂಚಲನ್ನು ಒಡೆಯದೆ, ಮಣ್ಣು ಸಮೇತ ಎತ್ತಿ, ನೆರಳಿನಲ್ಲಿ ತಲೆಕೆಳಗಾಗಿ ಮೂರು ನಾಲ್ಕು ದಿನ ಇಟ್ಟರೆ ಕೊಳವೆಯ ನೀರು ಬಸಿದು, ಸಡಿಲ ಮಣ್ಣು ತಾನೇ ಉದುರುತ್ತದೆ. ಗಾಯವಾದ ಜಾಗಕ್ಕೆ ಗಂಧಕದ ಪುಡಿ ಸವರಬೇಕು. ಬಿದಿರಿನ ಬುಟ್ಟಿಗೋ ಮರದ ಪೆಟ್ಟಿಗೆಗೋ ಒಂದು ಪದರ ಮರಳು, ಒಂದು ಪದರ ಗೊಂಚಲು ಎಂದು ತುಂಬಬೇಕು. ಮರಳಿನ ಹದ ಹೇಗಿರಬೇಕೆಂದರೆ, ಹಿಡಿಯಲ್ಲಿ ಹಿಚುಕಿದರೆ ಉಂಡೆ ಕಟ್ಟಬಾರದು, ಆದರೆ ಅಂಗೈಗೆ ತಂಪು ತಾಗಬೇಕು. ಕೆಲವರು ಬರಿಯ ಬೂದಿಯಲ್ಲಿ ಹೂತಿಡುತ್ತಾರೆ. ಬೂದಿ ಕೊಳೆ ತಡೆದರೂ ಗೆಡ್ಡೆಯ ನೀರನ್ನೂ ಹೀರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟುವುದಂತೂ ಬೂಸ್ಟಿಗೆ ಆಹ್ವಾನ. ಬುಟ್ಟಿಯನ್ನು ತಂತಿಯಲ್ಲಿ ತೊಲೆಗೆ ತೂಗುಹಾಕಿದರೆ ಇಲಿ, ಹೆಗ್ಗಣ, ಗೆದ್ದಲಿನ ಕಾಟ ತಪ್ಪುತ್ತದೆ. ಆದರೆ ಒಲೆಯ ಹೊಗೆ ಬಡಿಯುವ ಕಡೆ ಬೇಡ.

ಮೂರನೆಯದು, ಚೀಲದ ಮರಿಗೆಡ್ಡೆ. ಇದನ್ನು ನಮ್ಮಲ್ಲಿ ಮಾಡುವವರು ಕಡಿಮೆ, ಆದರೆ ಕಾಫಿ ಬೆಳೆಗಾರರಿಗೆ ಹೇಳಿ ಮಾಡಿಸಿದಂತಿದೆ. ಜುಲೈ, ಆಗಸ್ಟಿನಲ್ಲಿ ಗಿಡದಿಂದ ಮೂರು ನಾಲ್ಕು ಅಂಗುಲದ ಎಳೆ ಕವಲನ್ನು ಗಿಣ್ಣಿನ ಕೆಳಗೆ ಕತ್ತರಿಸಿ ಮರಳಿನಲ್ಲಿ ಊರಿದರೆ ಎರಡು ಮೂರು ವಾರಕ್ಕೆ ಬೇರು ಬರುತ್ತದೆ. ಅದನ್ನು ಕಾಫಿ ಸಸಿಯ ಚೀಲಕ್ಕೆ ಹಾಕಿ, ದೊಡ್ಡ ಕುಂಡಕ್ಕೆ ಬದಲಿಸದೆ, ಅದರಲ್ಲೇ ಬೆಳೆಸಬೇಕು. ಇಕ್ಕಟ್ಟಿನಲ್ಲಿ ಬೆಳೆದ ಗಿಡ ಹೂವು ಕೊಡದಿದ್ದರೂ ಡಿಸೆಂಬರಿನ ಹೊತ್ತಿಗೆ ಚೀಲದೊಳಗೆ ಬಿಗಿಯಾದ ಪುಟ್ಟ ಗೆಡ್ಡೆ ಕಟ್ಟುತ್ತದೆ. ಗಾಯವಿಲ್ಲ, ಮುರಿದ ಕತ್ತಿಲ್ಲ, ಚೀಲದೊಂದಿಗೇ ಮೂಲೆಯಲ್ಲಿ ಜೋಡಿಸಿಟ್ಟರಾಯಿತು. ತಾಯಿಗೊಂಚಲು ಸತ್ತರೂ ಜಾತಿ ಉಳಿಯುತ್ತದೆ. ಇನ್ನೊಬ್ಬರಿಗೆ ಕೊಡಲೂ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ.

ಯಾವ ಬಗೆಯಾದರೂ ಹೆಸರಿನ ಚೀಟಿ ಮರೆಯಬಾರದು. ಒಣಗಿದ ಮೇಲೆ ಕೆಂಪು ಡೇರೆಯೂ ಬಿಳಿ ಡೇರೆಯೂ ಒಂದೇ. ಕಾಗದದ ಚೀಟಿ ಗೆದ್ದಲಿಗೆ. ತಗಡಿನ ಪಟ್ಟಿಯ ಮೇಲೆ ಮೊಳೆಯಿಂದ ಗೀಚಿ ಕಾಂಡಕ್ಕೆ ಕಟ್ಟುವುದು ನನ್ನ ರೂಢಿ.

ನಾನು ಮಾಡಿದ ತಪ್ಪು

ನಮ್ಮ ತಾಯಿಯವರಲ್ಲಿ ಒಂದು ಬಿಳಿ ಡೇರೆ ಇತ್ತು. ಅಂಗೈಯಗಲದ ಹೂವು, ಎಸಳಿನ ತುದಿಯಲ್ಲಿ ಮಾತ್ರ ತುಸು ನೇರಳೆ. ಮದುವೆಯಾಗಿ ಬಂದ ಮರುವರ್ಷ ತವರಿನಿಂದ ಅಡಿಕೆ ಹಾಳೆಯಲ್ಲಿ ಸುತ್ತಿಕೊಂಡು ತಂದದ್ದಂತೆ. ನಲವತ್ತು ವರ್ಷಕ್ಕೂ ಮೀರಿ ಅದು ನಮ್ಮ ಅಂಗಳದಲ್ಲಿತ್ತು. ಅವರು ಅದಕ್ಕೆ ವಿಶೇಷವೇನನ್ನೂ ಮಾಡುತ್ತಿರಲಿಲ್ಲ. ಗಿಡ ಒಣಗಿದ ಮೇಲೆ ಕುಂಡಗಳನ್ನು ಕೊಟ್ಟಿಗೆಯ ಮಾಡಿನಡಿಗೆ ಒಯ್ದು ಮಗ್ಗುಲಾಗಿ ಮಲಗಿಸುತ್ತಿದ್ದರು. ಓದಿದವನಾದ ನನಗೆ ಅದು ಉದಾಸೀನದಂತೆ ಕಾಣುತ್ತಿತ್ತು.

2008ರ ಮಳೆಗಾಲದ ಕೊನೆಯಲ್ಲಿ ತಾಯಿ ತೀರಿಕೊಂಡರು. ಆ ವರ್ಷ ಗೆಡ್ಡೆಗಳನ್ನು ನಾನೇ ನೋಡಿಕೊಳ್ಳುತ್ತೇನೆಂದು ಹೊರಟೆ. ಅವರ ನೆನಪಿಗೆ ಉಳಿದದ್ದು ಇದೊಂದು, ಶಾಸ್ತ್ರೋಕ್ತವಾಗಿ ಕಾಪಾಡಬೇಕೆಂದು ಶೀತದೇಶದ ಪುಸ್ತಕವೊಂದನ್ನು ಮುಂದಿಟ್ಟುಕೊಂಡೆ. ಎಲ್ಲವನ್ನೂ ಅಗೆದು, ನೀರಿನಲ್ಲಿ ತಿಕ್ಕಿ ತೊಳೆದು, ಅಡಿಕೆಯ ಜೊತೆಯಲ್ಲೇ ಅಂಗಳದಲ್ಲಿ ಎರಡು ದಿನ ಬಿಸಿಲಿಗೆ ಹರವಿದೆ. ಬೆಚ್ಚಗೆ, ಒಣಗಿದ ಜಾಗದಲ್ಲಿರಲಿ ಎಂದು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟೆ. ಪುಸ್ತಕದಲ್ಲಿ ಬಿಸಿಲಿಗೆ ಹಾಕಲು ಹೇಳಿರಲಿಲ್ಲ, ಅಟ್ಟದ ಮಾತೂ ಇರಲಿಲ್ಲ. ಅವೆರಡು ನನ್ನ ಸ್ವಂತ ಸಂಶೋಧನೆ. ಅಡಿಕೆಗೆ ಒಳ್ಳೆಯದಾದದ್ದು ಗೆಡ್ಡೆಗೂ ಒಳ್ಳೆಯದೆಂದು ತಿಳಿದೆ.

ಯುಗಾದಿಯ ಹೊತ್ತಿಗೆ ಅಟ್ಟ ಹತ್ತಿ ನೋಡಿದರೆ ಇಪ್ಪತ್ತೆರಡು ಗೊಂಚಲುಗಳೂ ಒಣಶುಂಠಿಯಾಗಿದ್ದವು. ನೀರಿನಲ್ಲಿ ನೆನೆಸಿದೆ, ಮರಳಿನಲ್ಲಿ ಹೂತೆ. ಒಂದೂ ಕಣ್ಣು ಬಿಡಲಿಲ್ಲ. ಮನೆಯವರಿಗೆ ಹೇಳಲು ನನಗೆ ಒಂದು ವಾರ ಬೇಕಾಯಿತು.

ಈ ನಷ್ಟವನ್ನು ಬೀಜದಿಂದ ತುಂಬಿಕೊಳ್ಳುವಂತಿಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಅರೇಬಿಕಾ ಕಾಫಿ ತನ್ನ ಪರಾಗದಿಂದಲೇ ಕಾಯಿಕಟ್ಟುವುದರಿಂದ ಅದರ ಬೀಜ ಬಹುಮಟ್ಟಿಗೆ ತಾಯಿಯನ್ನೇ ಹೋಲುತ್ತದೆ. ರೋಬಸ್ಟಾ ಹಾಗಲ್ಲವಾದ್ದರಿಂದ ಒಳ್ಳೆಯ ತಾಯಿಗಿಡವನ್ನು ಕಡ್ಡಿಯಿಂದ ಉಳಿಸಿಕೊಳ್ಳುತ್ತೇವೆ. ಡೇರೆಯದು ಇನ್ನೂ ಜಟಿಲ. ಸಾಮಾನ್ಯ ಗಿಡಗಳಲ್ಲಿ ವರ್ಣತಂತುಗಳ ಎರಡು ಗುಂಪುಗಳಿದ್ದರೆ ನಮ್ಮ ಅಂಗಳದ ಡೇರೆಯಲ್ಲಿ ಎಂಟು. ಒಂದೇ ಹೂವಿನ ಬೀಜದಿಂದ ಹತ್ತು ಗಿಡ ಎಬ್ಬಿಸಿದರೆ ಹತ್ತು ಬಣ್ಣ ಬರಬಹುದು, ತಾಯಿಯ ಬಣ್ಣ ಒಂದರಲ್ಲೂ ಬರದೆ ಹೋಗಬಹುದು. ಗೆಡ್ಡೆ ಹೋದರೆ ಜಾತಿಯೇ ಹೋಯಿತು.

ಆ ವರ್ಷ ಜೂನಿನಲ್ಲಿ ಗೊಬ್ಬರ ಹಾಕಿಸುವ ಕೆಲಸಕ್ಕೆ ಜನ ಕರೆಯಲು ಲೈನಿನ ಕಡೆ ಹೋಗಿದ್ದೆ. ನಮ್ಮ ತೋಟದಲ್ಲಿ ಬಹಳ ವರ್ಷ ದುಡಿದು ಕೆಲಸ ಬಿಟ್ಟಿದ್ದ ಹೆಂಗಸೊಬ್ಬರ ಬಾಗಿಲ ಪಕ್ಕ ತುಕ್ಕು ಹಿಡಿದ ಸೀಮೆಎಣ್ಣೆ ಡಬ್ಬದಲ್ಲಿ ಡೇರೆಯ ಚಿಗುರು ಎದ್ದಿತ್ತು. ಯಾವ ಬಣ್ಣವೆಂದು ಸುಮ್ಮನೆ ಕೇಳಿದೆ. "ಬಿಳಿ. ಅಮ್ಮ ಕೊಟ್ಟದ್ದಲ್ಲವೇ, ತುದಿಗೆ ನೇರಳೆ ಇರುವುದು" ಎಂದರು. ತಾಯಿಯವರು ಮೂರು ವರ್ಷದ ಹಿಂದೆ ಕೊಟ್ಟಿದ್ದರಂತೆ. ನನ್ನ ಕಥೆ ಕೇಳಿ ಅವರು ನಗಲಿಲ್ಲ. ಆಗಲೇ ಡಬ್ಬ ಬೋರಲು ಹಾಕಿ, ಚಿಗುರು ಇರುವಂತೆ ಗೊಂಚಲನ್ನು ಎರಡು ಪಾಲು ಮಾಡಿ, ದೊಡ್ಡ ಪಾಲನ್ನು ನನ್ನ ಕೈಯಲ್ಲಿಟ್ಟರು. "ಈ ಸಲ ತೊಳೆಯಲಿಕ್ಕೆ ಹೋಗಬೇಡಿ" ಎಂದಷ್ಟೇ ಹೇಳಿದರು.

ಅಂದಿನಿಂದ ತೊಳೆದಿಲ್ಲ. ಇಂದು ನಮ್ಮ ಅಂಗಳದಲ್ಲಿರುವ ಬಿಳಿ ಡೇರೆಯಷ್ಟೂ ಆ ಸೀಮೆಎಣ್ಣೆ ಡಬ್ಬದ ಸಂತಾನ.

ಎಬ್ಬಿಸುವುದು ಮತ್ತು ಪಾಲು ಮಾಡುವುದು

ಮೇ ಮೊದಲ ವಾರದಲ್ಲಿ ಕುಂಡಗಳನ್ನು ನೇರ ನಿಲ್ಲಿಸಿ ಸ್ವಲ್ಪ ನೀರು ಚಿಮುಕಿಸಿದರೆ ಹತ್ತು ಹದಿನೈದು ದಿನಗಳಲ್ಲಿ ತಲೆಯ ಮೇಲೆ ಕೆಂಪು ಅಥವಾ ಹಸಿರು ಗುಬುಟುಗಳು ಕಾಣುತ್ತವೆ. ಇವೇ ಕಣ್ಣು. ಗೊಂಚಲನ್ನು ಪಾಲು ಮಾಡಬೇಕಾದದ್ದು ಈಗ, ಡಿಸೆಂಬರಿನಲ್ಲಲ್ಲ. ಆಗ ಕಣ್ಣು ಗುರುತಿಸುವುದು ಕಷ್ಟ, ಕೊಯ್ದ ಗಾಯವೂ ಐದು ತಿಂಗಳು ತೆರೆದಿರುತ್ತದೆ. ಪ್ರತಿ ಪಾಲಿಗೂ ಒಂದು ಗೆಡ್ಡೆ, ಒಂದು ಕತ್ತು, ಒಂದು ಕಣ್ಣಾದರೂ ಇರಬೇಕು. ಹರಿತವಾದ ಚಾಕುವಿನಿಂದ ಕೊಯ್ದು, ಗಾಯ ಒಂದು ದಿನ ನೆರಳಿನಲ್ಲಿ ಆರಿದ ಮೇಲೆ ನೆಡಬೇಕು. ಹಳೆಯ ಮಣ್ಣನ್ನು ಅದೇ ಕುಂಡಕ್ಕೆ ಮತ್ತೆ ತುಂಬದೆ ಬಾಳೆಬುಡಕ್ಕೆ ಹಾಕುವುದು ಕ್ಷೇಮ.

ಎಲೆಯ ನರಗಳ ಉದ್ದಕ್ಕೆ ಹಳದಿ ಪಟ್ಟಿ ಮೂಡಿ, ಗಿಡ ಮುರುಟಿ ಗಿಡ್ಡವಾದರೆ ಅದು ಮೊಸಾಯಿಕ್ ನಂಜುರೋಗವಿರಬಹುದು. ಇದಕ್ಕೆ ಔಷಧಿಯಿಲ್ಲ. ಗೆಡ್ಡೆಯಲ್ಲೂ ಕವಲಿನಲ್ಲೂ ನಂಜು ಮುಂದಿನ ವರ್ಷಕ್ಕೆ ಸಾಗುತ್ತದೆ, ಹೇನುಗಳು ಪಕ್ಕದ ಗಿಡಕ್ಕೆ ಹಬ್ಬಿಸುತ್ತವೆ. ಅಂಥ ಗಿಡವನ್ನು ಹೂವಿರುವಾಗಲೇ ಗುರುತಿಸಿ ಬುಡಸಮೇತ ಕಿತ್ತು ಸುಡಬೇಕು. ಮೋಹಪಟ್ಟು ಉಳಿಸಿಕೊಳ್ಳುವುದು ತಪ್ಪು, ಇನ್ನೊಬ್ಬರಿಗೆ ಕೊಡುವುದು ಇನ್ನೂ ದೊಡ್ಡ ತಪ್ಪು.

ಸಂಘದ ಒಂದು ಸಲಹೆ

ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಎಂಬ ಮಾತು ನಮ್ಮಲ್ಲಿದೆ. ಕೊಟ್ಟ ಗಿಡ ಉಳಿಯುತ್ತದೆ ಎಂಬುದು ನನ್ನ ಅನುಭವದ ಮಾತು. ಕೊಟ್ಟಿಗೆ ಎಷ್ಟೇ ತಂಪಾಗಿರಲಿ, ಮರಳಿನ ಹದ ಎಷ್ಟೇ ಸರಿಯಿರಲಿ, ಒಂದಲ್ಲ ಒಂದು ವರ್ಷ ಹೆಗ್ಗಣವೋ ಹೂಮಳೆಯೋ ನಮ್ಮದೇ ಬುದ್ಧಿವಂತಿಕೆಯೋ ಗೆಡ್ಡೆಯನ್ನು ಮುಗಿಸಿಯೇ ತೀರುತ್ತದೆ. ಒಂದೇ ಜಾತಿ ಮೂರು ಮನೆಗಳಲ್ಲಿದ್ದರೆ ಮೂರೂ ಕಡೆ ಒಟ್ಟಿಗೆ ಹೋಗುವುದು ಅಪರೂಪ. ಆದ್ದರಿಂದ ಮನೆಯಲ್ಲಿ ಪ್ರೀತಿಯ ಜಾತಿ ಯಾವುದಿದೆಯೋ ಅದನ್ನೇ ಮೊದಲು ಎರಡು ಮನೆಗೆ ಕೊಡಿ.

ಬರುವ ಮೇ ಕೊನೆಯ ವಾರದಲ್ಲಿ ಗೊಬ್ಬರದ ವಿತರಣೆಯ ದಿನಗಳಂದು ಸಂಘದ ಗೋದಾಮಿನ ಜಗಲಿಯಲ್ಲಿ ಒಂದು ಮೇಜು ಹಾಕಿಸಲು ಆಡಳಿತ ಮಂಡಳಿ ಒಪ್ಪಿದೆ. ಕಣ್ಣು ಬಿಟ್ಟ ಗೆಡ್ಡೆಯನ್ನೋ ಚೀಲದ ಮರಿಗೆಡ್ಡೆಯನ್ನೋ ಬಣ್ಣ ಬರೆದ ಚೀಟಿ ಕಟ್ಟಿ ತಂದಿಡಬಹುದು, ತಮಗಿಲ್ಲದ್ದನ್ನು ಒಯ್ಯಬಹುದು. ಹಣದ ವ್ಯವಹಾರವಿಲ್ಲ. ಈ ಬಾರಿ ಎಲ್ಲವನ್ನೂ ಕಳೆದುಕೊಂಡವರು ಬರಿಗೈಯಲ್ಲಿ ಬರಲು ಸಂಕೋಚಪಡಬೇಕಿಲ್ಲ. ಕಾರ್ಯದರ್ಶಿಯೂ ಒಂದು ವರ್ಷ ಹಾಗೆಯೇ ನಿಂತಿದ್ದವನು. ಸದಸ್ಯರ ಮನೆಯ ಹೆಂಗಸರು ಖುದ್ದಾಗಿ ಬಂದರೆ ಹೆಚ್ಚು ಸಂತೋಷ, ಏಕೆಂದರೆ ಯಾವ ಗೆಡ್ಡೆ ಯಾವ ಬಣ್ಣವೆಂದು ಗಂಡಸರನ್ನು ಕೇಳಿ ಉಪಯೋಗವಿಲ್ಲವೆಂಬುದು ಕೌಂಟರಿನಲ್ಲಿ ಈಗಾಗಲೇ ಸಿದ್ಧವಾಗಿದೆ.

ಸದ್ಯಕ್ಕೆ ಮಾಡಬೇಕಾದ ಕೆಲಸ ಇಷ್ಟೆ: ಎಲೆ ಹಳದಿಯಾಗುವವರೆಗೆ ಕತ್ತರಿ ಒಳಗಿರಲಿ, ಆಮೇಲೆ ಕುಂಡ ಮಗ್ಗುಲಾಗಿ ಮಲಗಲಿ, ಅಟ್ಟ ಅಡಿಕೆಗೇ ಇರಲಿ.